ವಸತಿ ಶಾಲೆಯ ನಿಯಮಾವಳಿಗೆ ಸಹಿ ಹಾಕುವ ಮುಂಚೆ

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಇನ್ನೆರಡು ತಿಂಗಳಿಗೆ ವಸತಿ ಶಾಲೆಗೆ ಸೇರುತ್ತಾಳೆ. ಇಲ್ಲಿಯವರೆಗೆ ನಮ್ಮನ್ನು ಬಿಟ್ಟು ಒಂದು ರಾತ್ರಿಯೂ ಹೊರಗೆ ಉಳಿದವಳಲ್ಲ. ಶಾಲೆಯವರು 22 ಪುಟಗಳ ನಿಯಮಾವಳಿ ಕಳಿಸಿದ್ದಾರೆ. ಅದರಲ್ಲಿ ‘ವಿದ್ಯಾರ್ಥಿಯ ಜವಾಬ್ದಾರಿಗಳು’ ಎಂದೇ ಮೂರು ಪುಟ ಇವೆ. ನಾವೂ ಅವಳೂ ಸಹಿ ಹಾಕಿ ಕೊಡಬೇಕು. ‘ಎಲ್ಲಾ ಕಡೆ ಇದ್ದದ್ದೇ, ಹಾಕಿಬಿಡು’ ಅನ್ನುತ್ತಾರೆ ಮನೆಯವರು. ಅವಳಂತೂ ‘ತಪ್ಪಾದರೆ ಏನು ಮಾಡ್ತಾರಮ್ಮಾ?’ ಎಂದು ದಿನಾ ಕೇಳುತ್ತಾಳೆ. ನಾನು ಯಾವುದನ್ನು ಗಮನವಿಟ್ಟು ನೋಡಬೇಕು? ಅವಳನ್ನು ಹೇಗೆ ತಯಾರು ಮಾಡಲಿ?

ಉತ್ತರ: ಸಹಿಗೆ ಆತುರ ಬೇಡ. ಪೆನ್ಸಿಲ್ ಹಿಡಿದು ಕೂತು, ಪ್ರತಿ ನಿಯಮದ ಪಕ್ಕದಲ್ಲೂ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಮಗು ಇದನ್ನು ಪಾಲಿಸಬೇಕಾದರೆ ಎದುರಿಗೆ ಯಾವ ದೊಡ್ಡವರು, ಯಾವ ಹೊತ್ತಿಗೆ ಇರುತ್ತಾರೆ? ‘ವಿದ್ಯಾರ್ಥಿಗಳು ಔಷಧಿಗಳನ್ನು ಒಪ್ಪಿಸಬೇಕು’ ಎಂದಿದೆ ಅನ್ನಿ. ಯಾರ ಕೈಗೆ ಒಪ್ಪಿಸಬೇಕು, ರಾತ್ರಿ ಎರಡು ಗಂಟೆಗೆ ಬೇಕಾದರೆ ಯಾರ ಬಾಗಿಲು ತಟ್ಟಬೇಕು ಎಂಬುದೂ ಅಲ್ಲೇ ಇದ್ದರೆ ಅದು ನಡೆಯುವ ನಿಯಮ. ಇಲ್ಲದಿದ್ದರೆ ಮಕ್ಕಳು ಗುಳಿಗೆಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತಾರೆ, ಸಿಕ್ಕಿಬಿದ್ದಾಗ ತಪ್ಪು ಅವರದ್ದಾಗುತ್ತದೆ. ವಸತಿ ಶಾಲೆಗಳಲ್ಲಿ ಕೆಟ್ಟುಹೋಗುವ ನಿಯಮಗಳಲ್ಲಿ ಹೆಚ್ಚಿನವು ಹೀಗೆ ದೊಡ್ಡವರ ಪಾಲಿನ ಕೆಲಸವನ್ನು ಮಕ್ಕಳ ಹೆಗಲಿಗೆ ಜಾರಿಸಿದಂಥವು.

ಕೂದಲು, ಉಗುರು, ಬೂಟಿನ ಬಣ್ಣ, ಸಮವಸ್ತ್ರದ ಉದ್ದ ಎಂದು ಒಂದೆರಡು ಪುಟ ಇದ್ದೇ ಇರುತ್ತದೆ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಚೀಟಿಯಲ್ಲಿರುವಂತೆ ತಂದುಕೊಟ್ಟರಾಯಿತು.

ಶಿಕ್ಷೆಯ ಪುಟ

ಮಗಳು ದಿನಾ ಕೇಳುವ ಪ್ರಶ್ನೆಗೆ ಉತ್ತರ ಇರಬೇಕಾದ್ದು ಇಲ್ಲಿ. ಹಾಗಾಗಿ ಮೊದಲು ಈ ಪುಟವನ್ನೇ ತೆಗೆಯಿರಿ. ಬಾಯಿಮಾತಿನ ಎಚ್ಚರಿಕೆ, ಪುಸ್ತಕದಲ್ಲಿ ದಾಖಲೆ, ಸವಲತ್ತು ಕಡಿತ, ಪೋಷಕರನ್ನು ಕರೆಸುವುದು, ಅಮಾನತು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರೆದಿರಬೇಕು. ಪ್ರತಿ ಮೆಟ್ಟಿಲಿನಲ್ಲೂ ತೀರ್ಮಾನ ಮಾಡುವವರು ಯಾರು ಎಂದಿರಬೇಕು. ತೀರ್ಮಾನಕ್ಕೆ ಮುಂಚೆ ಮಗುವಿನ ಮಾತು ಕೇಳುತ್ತಾರೆ ಎಂಬ ಸಾಲೂ ಇರಬೇಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಚಾರದಲ್ಲಿ ಮಾತಾಡುವ ಹಕ್ಕನ್ನು ಮಗುವಿಗೆ ಕೊಡುತ್ತದೆ. ಶಾಲೆಯ ಶಿಸ್ತು ಮಗುವಿನ ಮಾನಕ್ಕೆ ಕುಂದು ತರಬಾರದು ಎನ್ನುವುದು 28ನೇ ವಿಧಿ. ಹೊಡೆಯುವ ಬಡಿಯುವ ಶಿಕ್ಷೆ ಯಾವ ರೂಪದಲ್ಲೂ ಸಲ್ಲದು ಎಂದು ಅದೇ ಒಡಂಬಡಿಕೆಯ ಸಮಿತಿ 2006ರಲ್ಲಿ ಬಿಡಿಸಿ ಹೇಳಿದೆ.

‘ವಾರ್ಡನ್ ಸೂಕ್ತ ಕ್ರಮ ಕೈಗೊಳ್ಳುತ್ತಾರೆ’ ಎಂಬ ಒಂದೇ ಸಾಲು ಇದ್ದರೆ ಅದಕ್ಕೆ ಅರ್ಥವಿಲ್ಲ. ಸೂಕ್ತ ಕ್ರಮ ಎಂದರೆ ಇಂದು ಬೈಗುಳ, ನಾಳೆ ಊಟ ಬಂದ್, ನಾಡಿದ್ದು ಇನ್ನೇನೋ ಆಗಬಹುದು. ಊಟ, ನೀರು, ನಿದ್ದೆ, ಶೌಚಾಲಯ, ಔಷಧಿ, ಮನೆಗೆ ಫೋನ್ ಈ ಆರರಲ್ಲಿ ಯಾವುದನ್ನೂ ಶಿಕ್ಷೆಯಾಗಿ ಕಡಿತ ಮಾಡುವುದಿಲ್ಲವೇ ಎಂದು ನೇರವಾಗಿ ಕೇಳಿ. ಮೊದಲ ಐದಕ್ಕೆ ಎಲ್ಲರೂ ‘ಛೆ, ಇಲ್ಲ’ ಅನ್ನುತ್ತಾರೆ. ಆರನೆಯದು ಮಾತ್ರ ಬಹಳ ಕಡೆ ಸಲೀಸಾಗಿ ಕಡಿತವಾಗುತ್ತದೆ, ಅದೇ ಅಪಾಯದ್ದು: ಫೋನ್ ನಿಂತರೆ ಮಗು ತನಗೇನಾಯಿತು ಎಂದು ಹೊರಗೆ ತಿಳಿಸುವ ದಾರಿಯೇ ಮುಚ್ಚಿದಂತೆ. ಒಬ್ಬಳು ತಪ್ಪು ಮಾಡಿದರೆ ಇಡೀ ಕೋಣೆಗೆ ಶಿಕ್ಷೆ ಎಂಬ ನಿಯಮವಿದ್ದರೆ ಅದನ್ನೂ ಪ್ರಶ್ನಿಸಿ. ತಪ್ಪು ಮಾಡಿದವಳನ್ನು ವಿಚಾರಿಸಿಕೊಳ್ಳುವ ಕೆಲಸವನ್ನು ಅದು ಕೋಣೆಯ ಉಳಿದ ಹುಡುಗಿಯರಿಗೆ ವಹಿಸುತ್ತದೆ. ಅವರು ರಾತ್ರಿ ದೀಪ ಆರಿದ ಮೇಲೆ ಅದನ್ನು ಮಾಡುತ್ತಾರೆ.

ಗಂಟೆ ಹೊಡೆದ ಮೇಲೆ

ದಿನಚರಿಯ ಪಟ್ಟಿಯನ್ನು ಓದುವುದಕ್ಕಿಂತ ಲೆಕ್ಕ ಹಾಕಿ ನೋಡಿ. 40 ಮಕ್ಕಳಿಗೆ 4 ಬಚ್ಚಲು ಇದ್ದರೆ ಒಂದೊಂದಕ್ಕೆ 10 ಮಕ್ಕಳು. ಒಬ್ಬರಿಗೆ 7 ನಿಮಿಷ ಎಂದರೂ 70 ನಿಮಿಷ ಬೇಕು. 5:45ಕ್ಕೆ ಏಳುವ ಗಂಟೆ, 6:30ಕ್ಕೆ ಮೈದಾನದಲ್ಲಿ ಸಾಲು ಎಂದಿದ್ದರೆ ಇರುವುದು 45 ನಿಮಿಷ. ದಿನಾ ಕೆಲವರು ತಡವಾಗಲೇಬೇಕು, ಮತ್ತು ಅವರು ಯಾವಾಗಲೂ ಚಿಕ್ಕವರೇ ಆಗಿರುತ್ತಾರೆ. ಅರ್ಧ ಮಕ್ಕಳು ಸಂಜೆ ಆಟದ ನಂತರ ಸ್ನಾನ ಮಾಡುವ ಪಾಳಿ ಇದ್ದರೆ ಲೆಕ್ಕ ಕೂಡುತ್ತದೆ. ಹಾಗಾಗಿ ಮಕ್ಕಳೆಷ್ಟು, ಬಚ್ಚಲೆಷ್ಟು, ಪಾಳಿ ಇದೆಯೇ ಎಂದು ಕೇಳಿ.

ನಿದ್ದೆಯ ಲೆಕ್ಕವೂ ಹೀಗೆಯೇ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾವೈದ್ಯರ ಸಂಸ್ಥೆ ಹೇಳುತ್ತದೆ. 5:45ಕ್ಕೆ ಏಳಬೇಕಾದ ನಿಮ್ಮ ಮಗಳ ಕಣ್ಣು 8:45ಕ್ಕೆ ಮುಚ್ಚಿರಬೇಕು, ಅಂದರೆ ದೀಪ 8:30ಕ್ಕೆ ಆರಬೇಕು. ಎಲ್ಲ ತರಗತಿಗೂ 10 ಗಂಟೆವರೆಗೆ ಓದು ಎಂದಿದ್ದರೆ ಚಿಕ್ಕವರಿಗೆ ಬೇರೆ ಸಮಯ ಇದೆಯೇ ಎಂದು ವಿಚಾರಿಸಿ. ಪಾಠದಲ್ಲಿ ತೂಕಡಿಕೆ, ಸಿಡುಕು, ಪದೇ ಪದೇ ನೆಗಡಿ ಎಂದು ಶಿಕ್ಷಕರು ದೂರುವಾಗ ಮಗುವಿನ ಸ್ವಭಾವವನ್ನು ಅಳೆಯುವ ಮೊದಲು ಈ ಲೆಕ್ಕವನ್ನು ನೋಡುವುದು ಒಳ್ಳೆಯದು.

ಹಾಜರಿ, ಗೇಟು, ಬೆಂಕಿ

ಇವು ಮೂರೂ ಒಂದೇ ಸರಪಳಿ. ಬೆಳಗ್ಗೆ ಎದ್ದಾಗ, ತರಗತಿ ಆರಂಭದಲ್ಲಿ, ಆಟ ಮುಗಿದಾಗ, ಸಂಜೆಯ ಓದಿನ ಹೊತ್ತಿಗೆ, ಮಲಗುವ ಮುಂಚೆ ಹೀಗೆ ದಿನಕ್ಕೆ ಐದು ಬಾರಿಯಾದರೂ ಹಾಜರಿ ಆಗಬೇಕು. ಕೊನೆಯದನ್ನು ಹೆಸರು ಕೂಗಿ ಮುಗಿಸದೆ, ದೊಡ್ಡವರೊಬ್ಬರು ಮಂಚದ ಪಕ್ಕ ನಡೆದು ಮುಖ ನೋಡಿ ಗುರುತು ಹಾಕಬೇಕು. ಇದರಲ್ಲಿ ಮಗಳ ಪಾಲಿನ ಜವಾಬ್ದಾರಿ ಎರಡೇ: ತನ್ನ ಹೆಸರಿಗೆ ತಾನೇ ಉತ್ತರಿಸುವುದು, ಗುಂಪು ಬಿಟ್ಟು ಹೋಗುವಾಗ ಒಬ್ಬ ದೊಡ್ಡವರಿಗೆ ಹೇಳಿ ಹೋಗುವುದು.

ಗೆಳತಿಯ ಪರವಾಗಿ ‘ಬಂದಿದ್ದಾಳೆ ಮಿಸ್’ ಎನ್ನುವುದು ಮಕ್ಕಳಿಗೆ ಸ್ನೇಹದ ಸಣ್ಣ ಉಪಕಾರ. ಅದು ಯಾಕೆ ಬೇಡ ಎಂಬುದನ್ನು ಕಾರಣದ ಸಮೇತ ಹೇಳಿ. ಬೆಂಕಿ ಬಿದ್ದ ರಾತ್ರಿ ಮೈದಾನದಲ್ಲಿ ಓದುವುದು ಆ ಪಟ್ಟಿಯನ್ನೇ. ಇಲ್ಲದವಳನ್ನು ಇದ್ದಾಳೆ ಎಂದರೆ ಅವಳನ್ನು ಯಾರೂ ಹುಡುಕುವುದಿಲ್ಲ. ಹೊರಗೆ ಹೋಗಿರುವವಳು ಒಳಗಿದ್ದಾಳೆ ಎಂದು ಪಟ್ಟಿ ಹೇಳಿದರೆ ಅವಳನ್ನು ಹುಡುಕಲು ಯಾರೋ ಹೊಗೆಯೊಳಗೆ ನುಗ್ಗುತ್ತಾರೆ.

ಬೆಂಕಿಯ ವಿಷಯದಲ್ಲಿ ಮಗು ಕಲಿಯಬೇಕಾದ್ದು ಕಡಿಮೆ, ಶಾಲೆ ಮಾಡಬೇಕಾದ್ದು ಹೆಚ್ಚು. ಗಂಟೆ ಕೇಳಿದ ಕೂಡಲೇ ಏನನ್ನೂ ಎತ್ತಿಕೊಳ್ಳದೆ ಹೊರಡುವುದು, ಹೊಗೆಯಿದ್ದರೆ ನೆಲದ ಹತ್ತಿರ ಬಗ್ಗಿ ನಡೆಯುವುದು, ಕೊನೆಯವಳು ಬಾಗಿಲು ಎಳೆದುಕೊಳ್ಳುವುದು (ಬೀಗ ಹಾಕುವುದಲ್ಲ), ಲಿಫ್ಟ್ ಹತ್ತದಿರುವುದು, ಸೇರುವ ಜಾಗದಲ್ಲಿ ನಿಂತು ಹೆಸರು ಹೇಳುವುದು, ಯಾವ ಕಾರಣಕ್ಕೂ ವಾಪಸ್ ಹೋಗದಿರುವುದು. ಇಷ್ಟನ್ನು ಪ್ರತಿ ಅವಧಿಯ ಮೊದಲ ವಾರದಲ್ಲಿ, ಅದರಲ್ಲೂ ಒಮ್ಮೆ ರಾತ್ರಿ ಹೊತ್ತಿನಲ್ಲಿ, ಅಭ್ಯಾಸ ಮಾಡಿಸಬೇಕು. ಹಗಲಲ್ಲಿ ಮಾತ್ರ ಅಭ್ಯಾಸವಾದರೆ ನಿದ್ದೆಗಣ್ಣಿನ ಮಗುವಿಗೆ ಕತ್ತಲಲ್ಲಿ ಮೆಟ್ಟಿಲು ಸಿಗುವುದಿಲ್ಲ.

ಶಾಲೆಯ ಪಾಲಿನ ಕೆಲಸ ಬಾಗಿಲು, ಕಿಟಕಿ. ಮಕ್ಕಳು ಮಲಗುವ ಹಾಲ್‌ಗೆ ರಾತ್ರಿ ಹೊರಗಿನಿಂದ ಬೀಗ ಹಾಕುತ್ತೇವೆ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಗಾಬರಿಯಾಗಬೇಕು. ಕೀನ್ಯಾದ ಕ್ಯಾಂಗುಲಿ ಪ್ರೌಢಶಾಲೆಯಲ್ಲಿ 2001ರ ಮಾರ್ಚ್‌ನಲ್ಲಿ ಹಾಸ್ಟೆಲಿಗೆ ಬೆಂಕಿ ಬಿದ್ದು 67 ಹುಡುಗರು ಸತ್ತರು. ಒಂದು ಬಾಗಿಲಿಗೆ ಬೀಗ, ಕಿಟಕಿಗಳಿಗೆ ಕಬ್ಬಿಣದ ಸರಳು. 2023ರ ಮೇ ತಿಂಗಳಲ್ಲಿ ಗಯಾನಾದ ಮಾಹ್ದಿಯಾದಲ್ಲಿ ಹುಡುಗಿಯರ ಹಾಸ್ಟೆಲ್ ಉರಿದಾಗಲೂ ಒಳಗಿದ್ದವರಿಗೆ ಅಡ್ಡವಾಗಿದ್ದು ಸರಳು ಮತ್ತು ಬೀಗವೇ. ಮಕ್ಕಳು ಓಡಿಹೋಗದಂತೆ ಕಾಯುವುದು ಕಾವಲಿನವರ ಕೆಲಸ; ಅದಕ್ಕೆ ಬದಲಾಗಿ ಬೀಗ ಹಾಕುವುದು ಸಲ್ಲ. ಎರಡು ದಾರಿ ಇವೆಯೇ, ಒಳಗಿನಿಂದ ಕೀಲಿ ಇಲ್ಲದೆ ತೆರೆಯುತ್ತವೆಯೇ ಎಂದು ಹೋದ ದಿನ ನೀವೇ ತಳ್ಳಿ ನೋಡಿ.

ಗೇಟ್ ಪಾಸ್‌ನಲ್ಲಿ ಹೆಸರು, ಕಾರಣ, ಯಾರ ಜೊತೆ, ಹೊರಟ ಸಮಯ, ಬರಬೇಕಾದ ಸಮಯ, ಸಂಪರ್ಕದ ಸಂಖ್ಯೆ ಇರಬೇಕು. ಮಗುವನ್ನು ಕರೆದೊಯ್ಯಬಹುದಾದವರ ಹೆಸರು ಮತ್ತು ಫೋಟೊ ಮೊದಲೇ ಕಡತದಲ್ಲಿರಬೇಕು. ‘ಅವರ ಚಿಕ್ಕಪ್ಪ ಬಂದಿದ್ದಾರೆ, ಮನೆಯಿಂದ ಫೋನೂ ಬಂತು’ ಎಂದಾಗ ಶಾಲೆ ಆ ಕರೆಯನ್ನು ನಂಬಬಾರದು. ಕಡತದಲ್ಲಿರುವ ನಿಮ್ಮ ಸಂಖ್ಯೆಗೆ ತಾವೇ ತಿರುಗಿ ಕರೆ ಮಾಡಬೇಕು. ನಿಮಗೆ ಇದು ಕಿರಿಕಿರಿ ಅನ್ನಿಸುವ ದಿನ ಬರುತ್ತದೆ. ಆ ದಿನ ದಯವಿಟ್ಟು ಜಗಳ ತೆಗೆಯಬೇಡಿ. ಹೇಳುವುದಕ್ಕೆ ಬೇಸರವಾದರೂ ಹೇಳಬೇಕು, ನಿಯಮ ಮುರಿಯುವುದನ್ನು ಮಕ್ಕಳು ಮೊದಲು ಕಲಿಯುವುದು ಮನೆಯವರಿಂದಲೇ. ಭೇಟಿಯ ಸಮಯ ಮೀರಿ ಬರುವುದು, ಬಟ್ಟೆಯ ಮಡಿಕೆಯಲ್ಲಿ ದುಡ್ಡು ಇಟ್ಟು ಕಳಿಸುವುದು, ‘ಯಾರಿಗೂ ಹೇಳಬೇಡ’ ಎಂದು ಚಿಕ್ಕ ಫೋನ್ ಕೊಡುವುದು. ಆ ಫೋನ್ ಸಿಕ್ಕಿಬಿದ್ದಾಗ ಎದುರು ನಿಲ್ಲಬೇಕಾದವಳು ಮಗಳು.

ಪಾಳಿಯ ಕೆಲಸ

ತನ್ನ ಹಾಸಿಗೆ, ತನ್ನ ಟ್ರಂಕು, ಕೋಣೆ ಗುಡಿಸುವುದು, ಊಟದ ಮನೆಯಲ್ಲಿ ಬಡಿಸುವುದು, ಗ್ರಂಥಾಲಯದ ಪುಸ್ತಕ ಜೋಡಿಸುವುದು, ಗಿಡಕ್ಕೆ ನೀರು ಇವನ್ನು ಈ ವಯಸ್ಸಿನ ಮಕ್ಕಳು ಮಾಡಬಹುದು, ಮಾಡಬೇಕು ಕೂಡ. ದಿನಕ್ಕೆ ಇಪ್ಪತ್ತು ಮೂವತ್ತು ನಿಮಿಷ ಸಾಕು. ಬಿಸಿ ಪಾತ್ರೆ ಎತ್ತುವುದು, ವಿದ್ಯುತ್ ರಿಪೇರಿ, ಕಟ್ಟಿದ ಚರಂಡಿ ಬಿಡಿಸುವುದು, ಸಿಬ್ಬಂದಿಯ ಅಥವಾ ದೊಡ್ಡ ತರಗತಿಯವರ ಬಟ್ಟೆ ಒಗೆಯುವುದು, ರಾತ್ರಿ ಎದ್ದು ಕಾವಲು ಕೂರುವುದು ಇವು ಮಕ್ಕಳ ಕೆಲಸವಲ್ಲ. ಪಟ್ಟಿಯಲ್ಲಿ ಕಂಡರೆ ಕೇಳಿ.

ಪಾಳಿ ಕೆಡುವುದು ಸೋಮಾರಿತನದಿಂದ ಎಂದು ವಾರ್ಡನ್‌ಗಳು ಹೇಳುತ್ತಾರೆ. ನಿಜವಾದ ಕಾರಣ ಸಾಮಾನ್ಯವಾಗಿ ಪಟ್ಟಿಯಲ್ಲೇ ಇರುತ್ತದೆ. ‘ಎಲ್ಲರೂ ಸ್ವಚ್ಛತೆ ಕಾಪಾಡಬೇಕು’ ಎಂದು ಬರೆದಲ್ಲಿ ಯಾರೂ ಕಾಪಾಡುವುದಿಲ್ಲ. ಕೊನೆಗೆ ಹೇಳಿದ್ದಕ್ಕೆಲ್ಲ ಹೂಂ ಎನ್ನುವ ಒಬ್ಬಳೇ ಹುಡುಗಿ ವರ್ಷವಿಡೀ ಗುಡಿಸುತ್ತಾಳೆ. ನಿಜಕ್ಕೂ ನಡೆಯುವ ಪಟ್ಟಿಯಲ್ಲಿ ಇಬ್ಬಿಬ್ಬರ ಹೆಸರು ಜೋಡಿಯಾಗಿರುತ್ತದೆ. ಒಬ್ಬಳು ಜ್ವರ ಬಂದು ಮಲಗಿದರೂ ಕೆಲಸ ನಿಲ್ಲುವುದಿಲ್ಲ. ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ. ದಿನಕ್ಕೊಮ್ಮೆ ಬದಲಾದರೆ ನಿನ್ನೆಯ ಕೊಳೆ ಯಾರದ್ದು ಎಂಬ ಜಗಳವೇ ಮುಗಿಯದು. ಕೆಲಸ ಮುಗಿದಿದೆ ಎಂದರೆ ಏನು ಎಂಬುದನ್ನೂ ಬರೆದಿರುತ್ತಾರೆ. ಬಚ್ಚಲಿಗಾದರೆ ನೆಲದಲ್ಲಿ ನೀರು ನಿಂತಿಲ್ಲ, ಬಕೆಟ್ ಬೋರಲು ಹಾಕಿದೆ, ಜಾಲರಿಯಲ್ಲಿ ಕೂದಲಿಲ್ಲ, ಕಸದ ಡಬ್ಬಿ ಖಾಲಿ. ಇಂಥ ಹೊತ್ತಿಗೆ ಇಂಥವರು ಬಂದು ನೋಡುತ್ತಾರೆ ಎಂದೂ ಇರುತ್ತದೆ. ಎರಡು ವಾರ ಯಾರೂ ಬಂದು ನೋಡದಿದ್ದರೆ ಎಂಥ ಒಳ್ಳೆಯ ಪಟ್ಟಿಯೂ ಗೋಡೆಯ ಅಲಂಕಾರವಾಗುತ್ತದೆ.

ತಪ್ಪಿಗೆ ದಂಡವಾಗಿ ಶೌಚಾಲಯ ತೊಳೆಸುವ ಪದ್ಧತಿ ಹಲವು ಕಡೆ ಇದೆ. ಇದರಷ್ಟು ದಡ್ಡ ಶಿಕ್ಷೆ ಇನ್ನೊಂದಿಲ್ಲ. ಒಮ್ಮೆ ಅದು ದಂಡ ಎಂದಾದರೆ ಮರುವಾರ ಪಾಳಿಯಲ್ಲಿ ಅದೇ ಕೆಲಸ ಬಂದವಳು ತನಗೇಕೆ ಶಿಕ್ಷೆ ಎಂದೇ ಅಂದುಕೊಳ್ಳುತ್ತಾಳೆ, ಮನಸ್ಸಿಟ್ಟು ಮಾಡುವುದಿಲ್ಲ.

ಬಡಿಸುವ ಪಾಳಿಗೆ ಒಂದು ವಿಶೇಷ ನಿಯಮ ಬೇಕು: ವಾಂತಿ ಭೇದಿ ಆದವರು ಅದು ಪೂರ್ತಿ ನಿಂತು 48 ಗಂಟೆ ಕಳೆಯುವವರೆಗೆ ಪಾತ್ರೆ, ಸೌಟು ಮುಟ್ಟಬಾರದು. ಪಾಳಿ ತಪ್ಪಿಸಿಕೊಂಡಳು ಎಂದು ಅವಳ ಹೆಸರಿನ ಮುಂದೆ ಗುರುತು ಹಾಕಿದರೆ ಮುಂದಿನವಳು ಹೊಟ್ಟೆನೋವು ಮುಚ್ಚಿಟ್ಟು ಬಡಿಸುತ್ತಾಳೆ, ಆಗ ಇಡೀ ಹಾಸ್ಟೆಲ್ ಮಲಗುತ್ತದೆ.

ಲೀಡರ್‌ಗಳು

ನಿಯಮಾವಳಿಯಲ್ಲಿ ಹೌಸ್ ಲೀಡರ್, ಕ್ಯಾಪ್ಟನ್, ಮಾನಿಟರ್ ಎಂಬ ಹೆಸರುಗಳು ಬರುವ ಜಾಗದಲ್ಲಿ ನಿಂತು ಓದಿ. ಎಣಿಸುವುದು, ಎಬ್ಬಿಸುವುದು, ಹೊಸಬರಿಗೆ ದಾರಿ ತೋರಿಸುವುದು, ಕಂಡದ್ದನ್ನು ವಾರ್ಡನ್‌ಗೆ ಹೇಳುವುದು ಅವರ ಕೆಲಸ. ಶಿಕ್ಷೆ ಕೊಡುವುದು, ಟ್ರಂಕು ತೆರೆಸುವುದು, ವಸ್ತು ಕಸಿದುಕೊಳ್ಳುವುದು, ಕಿರಿಯರನ್ನು ಸ್ವಂತ ಕೆಲಸಕ್ಕೆ ಕಳಿಸುವುದು ಅಲ್ಲ. ‘ಹಿರಿಯ ವಿದ್ಯಾರ್ಥಿಗಳ ಆದೇಶವನ್ನು ಪಾಲಿಸಬೇಕು’ ಎಂಬ ಸಾಲು ನಿಮ್ಮ ಪ್ರತಿಯಲ್ಲಿದ್ದರೆ ‘ಯಾವ ವಿಷಯದಲ್ಲಿ?’ ಎಂದು ಬರೆದು ಕೇಳಿ, ಉತ್ತರ ಬರುವವರೆಗೆ ಸಹಿ ತಡೆಹಿಡಿಯಿರಿ. ಇಡೀ ಪುಸ್ತಕದಲ್ಲಿ ನಾನು ಅತಿ ಹೆಚ್ಚು ಭಯಪಡುವ ಸಾಲು ಇದು. ಹದಿನಾರರ ಹುಡುಗಿಗೆ ಹನ್ನೆರಡರವಳ ಮೇಲೆ ಎಲ್ಲೆಯಿಲ್ಲದ ಅಧಿಕಾರ ಕೊಟ್ಟು, ರಾತ್ರಿ ಒಂದೇ ಹಾಲ್‌ನಲ್ಲಿ ಬಿಟ್ಟರೆ, ಆ ದೊಡ್ಡವಳೂ ಕೆಡುತ್ತಾಳೆ. ತನಗೆ ಹಿಂದೆ ಆದದ್ದನ್ನೇ ಮುಂದಿನವರಿಗೆ ಮಾಡುವುದನ್ನು ಅವಳು ಸಂಪ್ರದಾಯ ಅಂದುಕೊಳ್ಳುತ್ತಾಳೆ.

ಮಗಳಿಗೆ ಇಬ್ಬರು ದೊಡ್ಡವರ ಹೆಸರು ಗೊತ್ತಿರಬೇಕು, ಅವರಲ್ಲಿ ಒಬ್ಬರು ಹಾಸ್ಟೆಲಿನ ಹೊರಗಿನವರಾಗಿರಬೇಕು. ವಾರ್ಡನ್ ಬಗ್ಗೆಯೇ ದೂರಿದ್ದರೆ ವಾರ್ಡನ್‌ಗೆ ಹೇಳಲಾಗದಲ್ಲ. ಚಾಡಿ ಹೇಳುವವಳು ಎಂಬ ಹೆಸರು ಬಂದೀತು ಎಂಬ ಹೆದರಿಕೆ ಹಾಸ್ಟೆಲ್ ಮಕ್ಕಳಿಗೆ ಬಹಳ ದೊಡ್ಡದು, ಅದನ್ನು ಹಗುರವಾಗಿ ನೋಡಬೇಡಿ. ಯಾರ ಗುಟ್ಟಾಗಿದ್ದರೂ ಇಟ್ಟುಕೊಳ್ಳಬಾರದ್ದು ಮೂರು ಎಂದು ಖಚಿತವಾಗಿ ಹೇಳಿಕೊಡಿ: ಯಾರಾದರೂ ಮೈ ಮುಟ್ಟಿ ನೋಯಿಸಿದ್ದು ಅಥವಾ ಮುಜುಗರ ಮಾಡಿದ್ದು, ಯಾರದೋ ಬಳಿ ಬ್ಲೇಡು, ಬೆಂಕಿಪೊಟ್ಟಣ, ಗುಳಿಗೆಗಳ ರಾಶಿ ಇರುವುದು, ಅಥವಾ ‘ಬದುಕುವುದೇ ಬೇಡ’ ಎನ್ನುತ್ತಿರುವುದು, ಯಾರೋ ಗೇಟು ದಾಟುವ ಯೋಜನೆ ಹಾಕಿರುವುದು. ಉಳಿದ ಗುಟ್ಟುಗಳು ಅವರವರಿಗೆ ಬಿಟ್ಟದ್ದು.

ಮೈ, ಔಷಧಿ, ಬಟ್ಟೆ

ಗೆಳತಿಯರ ಜೊತೆ ಪೆನ್ನು, ಪುಸ್ತಕ, ಕೊಡೆ ಹಂಚಿಕೊಳ್ಳಲಿ. ಟವೆಲ್, ಬಾಚಣಿಗೆ, ಒಳಉಡುಪು, ಹಾಸಿಗೆ, ಕುಡಿಯುವ ಬಾಟಲಿ ಬೇಡ. ಇದನ್ನು ಬರೀ ಶುಚಿತ್ವದ ಮಾತು ಎಂದು ಹೇಳಿದರೆ ಮಕ್ಕಳ ಕಿವಿಗೆ ಹೋಗುವುದಿಲ್ಲ. ಹೇನು, ಹುಳುಕಡ್ಡಿ, ಕಜ್ಜಿ ಎಂದು ಹೆಸರಿಟ್ಟು ಹೇಳಿ.

ಕಜ್ಜಿಯ ಬಗ್ಗೆ ತುಸು ಹೆಚ್ಚು ಬರೆಯುತ್ತೇನೆ, ಯಾಕೆಂದರೆ ಹಾಸ್ಟೆಲ್‌ಗಳನ್ನು ಅದು ತಿಂಗಳುಗಟ್ಟಲೆ ಕಾಡುತ್ತದೆ ಮತ್ತು ಪ್ರತಿ ಬಾರಿಯೂ ಒಂದೇ ತಪ್ಪಿನಿಂದ. ಚರ್ಮದೊಳಗೆ ಬಿಲ ಕೊರೆಯುವ, ಬರಿಗಣ್ಣಿಗೆ ಸರಿಯಾಗಿ ಕಾಣದ ಹುಳದಿಂದ ಅದು ಬರುತ್ತದೆ. ಮೈಗೆ ಮೈ ತಾಗಿಕೊಂಡು ಹೆಚ್ಚು ಹೊತ್ತು ಇದ್ದರೆ ಹರಡುತ್ತದೆ. ಮೊದಲ ಸಲ ತಗುಲಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ತುರಿಕೆಯಿಲ್ಲದ ಆ ಮಗುವಿನಿಂದಲೇ ಪಕ್ಕದವರಿಗೆ ದಾಟಿರುತ್ತದೆ. ರಾತ್ರಿ ಹೆಚ್ಚುವ ತುರಿಕೆ, ಬೆರಳ ಸಂದು, ಮಣಿಕಟ್ಟು, ಸೊಂಟದಲ್ಲಿ ಸಣ್ಣ ಗುಳ್ಳೆ ಇವು ಗುರುತು. ತುರಿಸಿಕೊಂಡವಳಿಗೆ ಮಾತ್ರ ಮುಲಾಮು ಹಚ್ಚುವುದೇ ಆ ತಪ್ಪು. ಅವಳು ಗುಣವಾಗುವ ಹೊತ್ತಿಗೆ ಪಕ್ಕದ ಮಂಚದವಳಿಂದ ಮತ್ತೆ ಬರುತ್ತದೆ. ವೈದ್ಯರ ಸಲಹೆಯಂತೆ ಕೋಣೆಯ ಎಲ್ಲರಿಗೂ ಒಂದೇ ದಿನ ಚಿಕಿತ್ಸೆಯಾಗಬೇಕು. ಸಾಮಾನ್ಯವಾಗಿ ಕೊಡುವುದು 5 ಶೇಕಡಾ ಪರ್ಮೆಥ್ರಿನ್ ಮುಲಾಮು: ಕುತ್ತಿಗೆಯಿಂದ ಕಾಲ್ಬೆರಳವರೆಗೆ, ಬೆರಳ ಸಂದು, ಉಗುರಿನ ಅಡಿ ಬಿಡದಂತೆ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆಯುವುದು, ವಾರದ ನಂತರ ಮತ್ತೊಮ್ಮೆ. ನಡುವೆ ಕೈ ತೊಳೆದರೆ ಕೈಗೆ ಪುನಃ ಹಚ್ಚಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಹಿಂದಿನ ಮೂರು ದಿನ ತೊಟ್ಟ ಬಟ್ಟೆ, ಹೊದಿಕೆಯನ್ನು ಬಿಸಿನೀರಿನಲ್ಲಿ ಒಗೆದು ಒಣಗಿಸಬೇಕು. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಒಂದು ವಾರ ಇಟ್ಟರೆ ಸಾಕು, ಮನುಷ್ಯರ ಮೈಯಿಂದ ದೂರವಾದ ಹುಳ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಹುಳ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇರಬಹುದು. ಔಷಧಿ ಕೆಲಸ ಮಾಡಲಿಲ್ಲ ಎಂದು ದಿನಾ ಹಚ್ಚಿದರೆ ಚರ್ಮ ಕೆಡುತ್ತದೆ.

ಇದರಲ್ಲಿ ಮಗಳ ಜವಾಬ್ದಾರಿ ಒಂದೇ, ತುರಿಕೆ ಕಂಡ ದಿನವೇ ಹೇಳುವುದು. ಅದಕ್ಕೆ ತಕ್ಕ ಶಾಲೆಯ ಜವಾಬ್ದಾರಿ, ಹೇಳಿದವಳ ಹೆಸರನ್ನು ಎಲ್ಲರೆದುರು ಕೂಗದಿರುವುದು.

ಔಷಧಿಯನ್ನು ಟ್ರಂಕಿನಲ್ಲಿ ಇಡಬಾರದು ಎಂಬ ನಿಯಮ ಸರಿಯಾದದ್ದೇ. ಜ್ವರದ ಗುಳಿಗೆಯ ಉದಾಹರಣೆ ಸಾಕು: ಪ್ಯಾರಸಿಟಮಾಲ್ ಹತ್ತಾರು ಹೆಸರುಗಳಲ್ಲಿ, ನೆಗಡಿಯ ಮಾತ್ರೆಗಳ ಒಳಗೂ ಬರುತ್ತದೆ. ಗೆಳತಿ ಕೊಟ್ಟದ್ದೊಂದು, ಸಿಕ್ ರೂಮಿನಲ್ಲಿ ಕೊಟ್ಟದ್ದೊಂದು ಸೇರಿದರೆ ಪ್ರಮಾಣ ಮೀರುತ್ತದೆ. ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ ಅಂತರ ಬೇಕು, 24 ಗಂಟೆಯಲ್ಲಿ 4 ಡೋಸ್ ದಾಟಬಾರದು, ಹೆಚ್ಚಾದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಆದರೆ ಆಸ್ತಮಾದ ಇನ್‌ಹೇಲರ್, ತೀವ್ರ ಅಲರ್ಜಿಯ ಚುಚ್ಚುಮದ್ದು ಇವನ್ನು ಕಪಾಟಿನಲ್ಲಿ ಬೀಗ ಹಾಕಿ ಇಡಬಾರದು. ಅವು ಮಗುವಿನ ಬಳಿಯೇ ಇರಬೇಕು, ಇನ್ನೊಂದು ಜೊತೆ ಸಿಕ್ ರೂಮಿನಲ್ಲಿ. ಅಂಥ ತೊಂದರೆ ನಿಮ್ಮ ಮಗಳಿಗಿದ್ದರೆ ಈ ವಿನಾಯಿತಿಯನ್ನು ಬರಹದಲ್ಲಿ ಪಡೆಯಿರಿ. ಸಿಕ್ ರೂಮ್ ಇಷ್ಟು ಗಂಟೆಯಿಂದ ಇಷ್ಟು ಗಂಟೆಗೆ ಎಂದಿದ್ದರೂ ಉಸಿರಾಟದ ತೊಂದರೆ, ತಲೆಗೆ ಪೆಟ್ಟು, ಫಿಟ್ಸ್, ಬಿಡದ ಹೊಟ್ಟೆನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ ಇವಕ್ಕೆ ಗಡಿಯಾರ ನೋಡುವಂತಿಲ್ಲ ಎಂದು ಮಗಳಿಗೂ ಗೊತ್ತಿರಲಿ.

ಹನ್ನೆರಡು ಎಂದರೆ ಮುಟ್ಟು ಶುರುವಾಗುವ ವಯಸ್ಸು, ಮನೆಯಲ್ಲಿ ಇನ್ನೂ ಆಗಿರದಿದ್ದರೂ ಅಲ್ಲಿ ಆಗಬಹುದು. ಪ್ಯಾಡ್ ಎಲ್ಲಿ ಸಿಗುತ್ತದೆ, ಕಾರಣ ವಿವರಿಸದೆ ಕೇಳಬಹುದೇ, ಎಲ್ಲಿ ಹಾಕಬೇಕು, ಪಾಠದ ನಡುವೆ ಶೌಚಾಲಯಕ್ಕೆ ಬಿಡುತ್ತಾರೆಯೇ ಎಂದು ನೀವೇ ಕೇಳಿ ತಿಳಿದು ಅವಳಿಗೆ ಹೇಳಿ. ರಾತ್ರಿ ಹಾಸಿಗೆ ಒದ್ದೆಯಾಗುವ ಅಭ್ಯಾಸ ಇನ್ನೂ ಇದ್ದರೆ ಮುಚ್ಚಿಡಬೇಡಿ. ವಾರ್ಡನ್ ಒಬ್ಬರಿಗೇ ಹೇಳಿ, ನೀರು ಇಳಿಯದ ಹೊದಿಕೆ ಎರಡು ಕೊಟ್ಟು, ಬೆಳಗ್ಗೆ ಎಲ್ಲರಿಗಿಂತ ಹದಿನೈದು ನಿಮಿಷ ಮುಂಚೆ ಎಬ್ಬಿಸುವ ವ್ಯವಸ್ಥೆ ಮಾಡಿಕೊಂಡರೆ ಪಕ್ಕದ ಮಂಚದವಳಿಗೂ ಗೊತ್ತಾಗದಂತೆ ನಡೆಯುತ್ತದೆ.

ಒಳಉಡುಪು ಎಷ್ಟು ಜೊತೆ ಎಂಬುದಕ್ಕೆ ಲೆಕ್ಕ: ಎರಡು ಒಗೆತದ ನಡುವಿನ ದಿನ, ಒಗೆದದ್ದು ಕೈಗೆ ಬರಲು ಹಿಡಿಯುವ ದಿನ, ಮೇಲೆ ಎರಡು. ವಾರಕ್ಕೊಮ್ಮೆ ಒಗೆದು ಎರಡು ದಿನಕ್ಕೆ ಕೊಡುವುದಾದರೆ 11. ಹೆಸರು ಮತ್ತು ಹಾಸ್ಟೆಲ್ ಸಂಖ್ಯೆಯನ್ನು ಅಳಿಸದ ಶಾಯಿಯಲ್ಲಿ ಪಟ್ಟಿಯ ಮೇಲೆ ಬರೆದು ಕಾಲರ್ ಒಳಗೆ, ಸೊಂಟಪಟ್ಟಿಯ ಒಳಗೆ ಹೊಲಿಯಿರಿ. ಬಟ್ಟೆಯ ಮೇಲೇ ಬರೆದರೆ ಕೆಲವು ಒಗೆತದಲ್ಲಿ ಮಾಸುತ್ತದೆ. ಬಟ್ಟೆ ಕೊಡುವಾಗ ಚೀಟಿ ಎರಡು ಪ್ರತಿ, ಒಂದು ಅವಳ ಬಳಿ. ಟ್ರಂಕಿನ ಬೀಗಕ್ಕೆ ಎರಡು ಕೀಲಿ, ಒಂದು ಹೆಸರು ಬರೆದ ಲಕೋಟೆಯಲ್ಲಿ ವಾರ್ಡನ್ ಬಳಿ ಇರಲಿ. ಟ್ರಂಕು ತಪಾಸಣೆ ಮಾಡುವುದಾದರೆ ಅವಳ ಎದುರಿಗೇ, ಇಬ್ಬರು ದೊಡ್ಡವರು, ಸಿಕ್ಕಿದ್ದನ್ನು ಪುಸ್ತಕದಲ್ಲಿ ಬರೆದು.

ಫೋನ್ ನಿಯಮ ಎಷ್ಟು ಬಿಗಿಯಾಗಿದ್ದರೂ ಒಪ್ಪಿಕೊಳ್ಳಿ, ಮೂರು ವಿಷಯ ಮಾತ್ರ ಬಿಡಬೇಡಿ. ಕರೆಯ ದಿನ, ಸಮಯ ಗೊತ್ತುಪಡಿಸಿರಬೇಕು. ಮಾತಾಡುವಾಗ ಯಾರೂ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಬಾರದು. ತುರ್ತಿಗೆ ಪಾಳಿ ಬಿಟ್ಟು ಕರೆ ಮಾಡುವ ದಾರಿ ಇರಬೇಕು. ಮಲಗುವ ಹಾಲ್‌ನಲ್ಲಿ, ಬಚ್ಚಲ ಬಳಿ ಕ್ಯಾಮೆರಾ ಇರುವ ಯಾವ ವಸ್ತುವೂ ಬೇಡ ಎಂಬ ನಿಯಮವನ್ನು ಮಾತ್ರ ಸಿಬ್ಬಂದಿಗೂ ಅನ್ವಯಿಸುತ್ತಾರೆಯೇ ಎಂದು ಕೇಳಿ.

ಈ ಎರಡು ತಿಂಗಳಲ್ಲಿ

ನಾಳೆಯಿಂದಲೇ ಅಲಾರಾಂ ಇಟ್ಟು ಅವಳೇ ಏಳಲಿ, ನೀವು ಎಬ್ಬಿಸಬೇಡಿ. ಮೊದಲ ವಾರ ತಡವಾಗುತ್ತದೆ, ಆಗಲಿ. ಒಳಉಡುಪು ತಾನೇ ಒಗೆಯಲಿ, ಹಾಸಿಗೆ ಮಡಚಲಿ, ಗುಂಡಿ ಹೊಲಿಯಲಿ, ಏಳು ನಿಮಿಷದಲ್ಲಿ ಸ್ನಾನ, ಇಪ್ಪತ್ತು ನಿಮಿಷದಲ್ಲಿ ಊಟ ಮುಗಿಸಲಿ. ಎರಡು ಫೋನ್ ಸಂಖ್ಯೆ ಬಾಯಿಪಾಠ ಇರಲಿ. ಟ್ರಂಕು ಅವಳೇ ತುಂಬಲಿ, ಪಟ್ಟಿ ಅವಳದೇ ಕೈಬರಹದಲ್ಲಿರಲಿ. ನೀವು ತುಂಬಿದ ಟ್ರಂಕಿನಲ್ಲಿ ಅವಳಿಗೆ ಏನೂ ಸಿಗುವುದಿಲ್ಲ. ನಿಮ್ಮನ್ನು ಬಿಟ್ಟು ಒಂದು ರಾತ್ರಿಯೂ ಇದ್ದಿಲ್ಲ ಎಂದಿದ್ದೀರಿ. ನೆಂಟರ ಮನೆಯಲ್ಲಿ ಮೊದಲು ಒಂದು ರಾತ್ರಿ, ಆಮೇಲೆ ಎರಡು, ಆಮೇಲೆ ಮೂರು ನಾಲ್ಕು ರಾತ್ರಿ ಬಿಡಿ, ನಡುವೆ ಫೋನ್ ಕಡಿಮೆ ಮಾಡಿ.

ದೂರು ಹೇಳುವುದನ್ನೂ ಅಭ್ಯಾಸ ಮಾಡಿಸಬೇಕು. ಏನಾಯಿತು, ಯಾವಾಗ ಎಲ್ಲಿ, ನನಗೇನು ಬೇಕು ಎಂದು ಮೂರು ವಾಕ್ಯ. ‘ನನ್ನ ಬಕೆಟ್ ಎರಡು ದಿನದಿಂದ ಇಲ್ಲ. ಮಂಗಳವಾರ ಸಂಜೆ ಬಚ್ಚಲಲ್ಲಿ ಇಟ್ಟಿದ್ದೆ. ಹುಡುಕಿಕೊಡಬೇಕು.’ ಹೀಗೆ ಹೇಳುವ ಮಗುವಿಗೆ ಕೆಲಸ ಆಗುತ್ತದೆ. ಅಳುತ್ತಾ ನಿಂತವಳನ್ನು ಸಮಾಧಾನ ಮಾಡಿ ಕಳಿಸುತ್ತಾರೆ, ಬಕೆಟ್ ಸಿಗುವುದಿಲ್ಲ.

ಮೊದಲ ಎರಡು ಮೂರು ವಾರ ಮನೆಯ ನೆನಪು ಕಾಡುತ್ತದೆ. ‘ಹಿಡಿಸದಿದ್ದರೆ ಕರೆದುಕೊಂಡು ಬರ್ತೀನಿ’ ಎಂಬ ಮಾತು ಮಾತ್ರ ಕೊಡಬೇಡಿ. ಆ ಮಾತು ಸಿಕ್ಕಿದ ಮಗು ಹೊಂದಿಕೊಳ್ಳುವ ಪ್ರಯತ್ನವನ್ನೇ ಮಾಡದೆ ನಿಮ್ಮ ದಾರಿ ಕಾಯುತ್ತದೆ. ಕರೆ ಮಲಗುವ ಮುಂಚೆ ಬೇಡ, ಸಂಜೆ ಆಟದ ನಂತರ ಇರಲಿ. ಮೂರು ವಾರ ಕಳೆದ ಮೇಲೂ ಊಟ ಬಿಟ್ಟಿದ್ದರೆ, ನಿದ್ದೆ ಇಲ್ಲದಿದ್ದರೆ, ಒಬ್ಬರ ಹೆಸರು ಬಂದಾಗಲೆಲ್ಲ ಮಾತು ನಿಲ್ಲಿಸುತ್ತಿದ್ದರೆ ಅದು ಬರೀ ಮನೆಯ ನೆನಪಲ್ಲ. ಆ ದಿನವೇ ಹೊರಡಿ.

ಸಹಿಯ ವಿಷಯ. ‘ಯಾವುದೇ ಅನಾಹುತಕ್ಕೆ ಶಾಲೆ ಹೊಣೆಯಲ್ಲ’ ಎಂಬ ಸಾಲಿದ್ದರೆ ಅದರ ಪಕ್ಕದಲ್ಲಿ ‘ಒಪ್ಪಿಗೆ ಇಲ್ಲ’ ಎಂದು ಬರೆದು, ಒಂದು ಪತ್ರವನ್ನೂ ಜೊತೆಗಿಡಿ. ವೈದ್ಯಕೀಯ ಒಪ್ಪಿಗೆಯನ್ನು ‘ತುರ್ತು ಚಿಕಿತ್ಸೆಗೆ ಮಾತ್ರ, ನಮಗೆ ತಿಳಿಸುವ ಪ್ರಯತ್ನ ನಡೆಯುತ್ತಿರುವಾಗಲೂ ತಡಮಾಡದೆ’ ಎಂದು ಎಲ್ಲೆ ಹಾಕಿ ಕೊಡಿ. ಆರೋಗ್ಯದ ಕಾಲಂನಲ್ಲಿ ಅಲರ್ಜಿ, ಹಿಂದಿನ ಫಿಟ್ಸ್, ಆಸ್ತಮಾ, ಈಗಿನ ಔಷಧಿ ಯಾವುದನ್ನೂ ಸೀಟು ತಪ್ಪೀತು ಎಂಬ ಹೆದರಿಕೆಗೆ ಬಿಡಬೇಡಿ. ಮಗಳಿಂದ ಸಹಿ ಹಾಕಿಸುವ ಮೊದಲು ಜವಾಬ್ದಾರಿಯ ಮೂರು ಪುಟಗಳನ್ನು ಅವಳೇ ಜೋರಾಗಿ ಓದಲಿ, ಪ್ರತಿಯೊಂದಕ್ಕೂ ‘ಇದನ್ನು ಮಾಡಲಾಗದಿದ್ದರೆ ಯಾರಿಗೆ ಹೇಳ್ತೀಯ?’ ಎಂದು ಕೇಳಿ. ಅವಳ ಬಳಿ ಉತ್ತರವಿಲ್ಲದ ಸಾಲುಗಳಿಗೆ ಗುರುತು ಹಾಕಿ, ಆ ಪಟ್ಟಿಯನ್ನು ಸೇರಿಸುವ ದಿನಕ್ಕೆ ಎರಡು ವಾರ ಮುಂಚೆಯೇ ಶಾಲೆಗೆ ಕಳಿಸಿ. ಸೇರಿಸುವ ದಿನದ ಗದ್ದಲದಲ್ಲಿ ಯಾವ ವಾರ್ಡನ್‌ಗೂ ಉತ್ತರಿಸುವ ಪುರುಸೊತ್ತು ಇರುವುದಿಲ್ಲ. ಬಂದ ಉತ್ತರ, ಶಿಕ್ಷೆಯ ಪುಟ, ಕರೆದೊಯ್ಯುವವರ ಪಟ್ಟಿ ಈ ಮೂರರ ಪ್ರತಿ ನಿಮ್ಮ ಬಳಿ ಇರಲಿ.